ಎಡಗಡೆಯ ಗಂಟು

ಪ್ರೀತಿಯ ಅಕ್ಕಾ,

ನೀನು ಮನೆ ಮುಟ್ಟಿದೆ ಎಂದು ಭಾವ ಮೆಸೇಜು ಮಾಡಿದರು. ನೀನು ಮಾಡಲಿಲ್ಲ. ಮಾಡುವುದಿಲ್ಲ ಎಂದು ಗೊತ್ತಿತ್ತು. ಫೋನಿನಲ್ಲಿ ಈ ವಿಷಯ ಎತ್ತಿದರೆ ‘ಡ್ರೈವಿಂಗ್ ಕಲಿಯೋರು ಬಂದ್ರು, ಇಡ್ತೀನಿ’ ಎನ್ನುತ್ತೀಯ. ಎದುರಿಗೆ ಕೂತು ಎತ್ತಿದರೆ ಪಾತ್ರೆ ತೊಳೆಯಲು ಎದ್ದು ಹೋಗುತ್ತೀಯ. ಕಾಗದಕ್ಕಾದರೆ ನಡುವೆ ಬಾಯಿ ಹಾಕಲು ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ದಯವಿಟ್ಟು ಅರ್ಧಕ್ಕೆ ಮಡಚಿಡಬೇಡ.

ನಿನಗೆ ಗೊತ್ತಿರುವುದೆಲ್ಲ ತುಂಡು ತುಂಡು. ಮೊದಲಿನಿಂದ ಹೇಳುತ್ತೇನೆ.

ನಾನು ಹೆಣ್ಣಿನ ಹಾರ್ಮೋನು ಶುರುಮಾಡಿದ ದಿನ, ದಪ್ಪ ಕನ್ನಡಕದ ಆ ಡಾಕ್ಟರಮ್ಮ ಎಲ್ಲವನ್ನೂ ಬಿಡಿಸಿ ಹೇಳಿದ್ದರು. ಚರ್ಮ, ಕೂದಲು, ಮನಸ್ಸಿನ ಏರಿಳಿತ ಎಲ್ಲಕ್ಕೂ ತಲೆಯಾಡಿಸಿದೆ. ಎದೆಯ ಮಾತು ಬಂದಾಗ ಮಾತ್ರ ಕುರ್ಚಿಯ ತುದಿಗೆ ಸರಿದೆ. "ಕೆಲವು ತಿಂಗಳಾದ ಮೇಲೆ ತೊಟ್ಟಿನ ಕೆಳಗೆ ಸಣ್ಣದಾಗಿ ಗಟ್ಟಿಯಾಗುತ್ತೆ, ಮುಟ್ಟಿದ್ರೆ ನೋವಾಗುತ್ತೆ. ಆಮೇಲೆಲ್ಲ ನಿಧಾನ. ಎರಡು ಮೂರು ವರ್ಷ, ಕೆಲವರಿಗೆ ಇನ್ನೂ ಜಾಸ್ತಿ. ಎಷ್ಟು ಬೆಳೆಯುತ್ತೆ ಅಂತ ಮಾತ್ರ ಕೇಳ್ಬೇಡಿ, ಯಾರಿಗೂ ಹೇಳಕ್ಕಾಗಲ್ಲ. ಹೆಚ್ಚಿನವರಿಗೆ ಚಿಕ್ಕದಾಗೇ ಇರುತ್ತೆ. ಅಮ್ಮನಿಗೋ ಅಕ್ಕನಿಗೋ ಇರೋದಕ್ಕಿಂತ ಕಮ್ಮಿ ಅಂತಲೇ ಅಂದ್ಕೊಂಡಿರಿ" ಎಂದರು. ಹೂಂ ಎಂದೆ. ಬಸ್ಸಿನಲ್ಲಿ ಕೂತ ಮೇಲೆ ನೋಡಿದರೆ ಅಷ್ಟು ಮಾತಿನಲ್ಲಿ ತಲೆಯಲ್ಲಿ ಉಳಿದದ್ದು ‘ಅಕ್ಕ’ ಎಂಬ ಒಂದೇ ಮಾತು. ‘ಕಮ್ಮಿ’ ಎಂಬುದನ್ನು ಜಾಣತನದಿಂದ ಅಲ್ಲಿಯೇ ಬಿಟ್ಟು ಬಂದಿದ್ದೆ.

ಯಾಕೆಂದರೆ ಆ ವಿಷಯದಲ್ಲಿ ನನಗೆ ಗೊತ್ತಿದ್ದವಳು ನೀನೊಬ್ಬಳೇ. ಒಂದೇ ಕೋಣೆಯಲ್ಲಿ, ನಡುವೆ ಒಂದು ಬೀರು ನಿಲ್ಲಿಸಿಕೊಂಡು ಬೆಳೆದವರು ನಾವು. ನಿನಗೆ ಎದೆ ಮೂಡಿದ ವರ್ಷ ನೀನು ಅದನ್ನು ಶತ್ರುವಿನ ಹಾಗೆ ಕಂಡೆ. ಎರಡೆರಡು ಬನಿಯನ್ನು ಹಾಕಿಕೊಳ್ಳುತ್ತಿದ್ದೆ. ಸ್ಕೂಲ್ ಬ್ಯಾಗನ್ನು ಬೆನ್ನಿಗೆ ಹಾಕದೆ ಮುಂದೆ ತಬ್ಬಿ ಹಿಡಿಯುತ್ತಿದ್ದೆ. ಅಮ್ಮ ದಿನಕ್ಕೆ ಹತ್ತು ಸಲ "ಗೂನು ಬೆನ್ನು ಬರುತ್ತೆ, ನೆಟ್ಟಗೆ ನಿಂತ್ಕೋ" ಎನ್ನುತ್ತಿದ್ದಳು. ನಾನು ಬೀರುವಿನ ಆ ಬದಿ, ನಿನಗೆ ಬೇಡವಾದ ಆ ವಸ್ತುವನ್ನು ನನಗಾದರೂ ಕೊಡಬಾರದೇ ಎಂದು ಬಾಯಿ ಬಿಡದೆ ಬೇಡುತ್ತಿದ್ದೆ. ನಿನ್ನ ಹಳೆಯ ಸ್ವೆಟರು, ಸೈಕಲ್ಲು ಎಲ್ಲ ನನಗೇ ಬರುತ್ತಿತ್ತಲ್ಲ, ಇದೂ ಒಂದು ದಿನ ಬಂದೀತು ಎಂದುಕೊಂಡಿದ್ದೆ. ನಗಬೇಡ. ಆಗ ನಿಜವಾಗಿ ನಂಬಿದ್ದೆ.

ಬಂತು, ಅಕ್ಕಾ. ಕಟ್ಟುಹಲ್ಲು ಮಾಡುವ ನಮ್ಮ ಲ್ಯಾಬಿನಲ್ಲಿ ಒಂದು ಮಧ್ಯಾಹ್ನ, ಯಾರದೋ ಕೆಳದವಡೆಗೆ ಮೇಣದಲ್ಲಿ ಹಲ್ಲು ಕೂರಿಸುತ್ತಿದ್ದೆ. ಕೈ ಅಲುಗದಿರಲೆಂದು ಮೇಜಿನ ಅಂಚಿಗೆ ಎದೆಯೂರಿ ಬಾಗುವುದು ನನ್ನ ಹಳೆಯ ಅಭ್ಯಾಸ. ಆವತ್ತು ಬಾಗಿದವಳು ಜೀವ ಹೋದ ಹಾಗೆ ಹಿಂದೆ ಸರಿದೆ, ಕೈಯಲ್ಲಿದ್ದ ಬಾಚಿಹಲ್ಲು ನೆಲಕ್ಕೆ ಬಿತ್ತು. ಬಾತ್‌ರೂಮಿಗೆ ಹೋಗಿ ಮುಟ್ಟಿ ನೋಡಿಕೊಂಡರೆ ತೊಟ್ಟಿನ ಕೆಳಗೆ ಒಂದು ಬಟಾಣಿ ಕಾಳು. ನೋವಿಗೂ ಸಂತೋಷಕ್ಕೂ ಒಟ್ಟಿಗೆ ಕಣ್ಣಲ್ಲಿ ನೀರು ಬಂತು. ವಾಪಸು ಬಂದಾಗ ಪಕ್ಕದ ಮೇಜಿನಲ್ಲಿ ಪಾಲಿಶ್ ಮಾಡುವಾಕೆ ಹಲ್ಲನ್ನು ಎತ್ತಿಟ್ಟಿದ್ದಳು. ಮಾರನೆಯ ದಿನ ನನ್ನ ಮೇಜಿನ ಅಂಚಿಗೆ ಮಡಚಿದ ಟವೆಲು ಸುತ್ತಿ ಟೇಪು ಹಚ್ಚಿತ್ತು. "ನನ್ನ ಮಗಳಿಗೂ ಹೀಗೇ ಆಗ್ತಿತ್ತು, ಬಾಗಿಲಿಗೆ ತಗಲಿದ್ರೂ ಅಳೋಳು" ಎಂದು ಮೋಟರು ಚಾಲೂ ಮಾಡಿದಳು.

ಆಮೇಲೆ ಕಾಯುವ ಕೆಲಸ. ಕಾಯುವುದು ನನ್ನ ಕಸುಬಿನಲ್ಲೇ ಇದೆ. ಪ್ಲಾಸ್ಟರು ಗಟ್ಟಿಯಾಗುವ ತನಕ ಮುಟ್ಟುವ ಹಾಗಿಲ್ಲ, ಅವಸರಪಟ್ಟರೆ ಅಚ್ಚು ಒಡೆಯುತ್ತದೆ. ಆದರೆ ನನ್ನದೇ ಮೈಯ ಮುಂದೆ ಆ ತಾಳ್ಮೆ ಮೂರು ಕಾಸಿಗೂ ಬಾಳಲಿಲ್ಲ. ಬೆಳಿಗ್ಗೆ ಕನ್ನಡಿಯಲ್ಲಿ ಎದುರಿನಿಂದ, ಆಮೇಲೆ ಪಕ್ಕದಿಂದ, ಆಮೇಲೆ ಕೈಯೆತ್ತಿ. ಅಂಗಡಿಯ ಗಾಜಿನಲ್ಲಿ, ನಿಂತ ಬಸ್ಸಿನ ಕಿಟಕಿಯಲ್ಲಿ. ಒಂದು ದಿನ ಬೆಳೆದ ಹಾಗಿರುತ್ತಿತ್ತು, ಮಾರನೆಯ ದಿನ ಯಾರೋ ಕದ್ದುಕೊಂಡು ಹೋದ ಹಾಗೆ. ನನ್ನ ಜೊತೆಯಲ್ಲೇ ಶುರುಮಾಡಿದ ಗೆಳತಿಯೊಬ್ಬಳಿದ್ದಾಳೆ, ಹೂವಿನ ಅಂಗಡಿಯವಳು. ಅವಳಿಗೆ ವರ್ಷ ತುಂಬುವಷ್ಟರಲ್ಲಿ ಅಂಗಿಯ ಗುಂಡಿ ಎಳೆಯುತ್ತಿತ್ತು. ನನ್ನದನ್ನು ನೋಡಿ "ಬರುತ್ತೆ ಬಿಡು, ನಂಗೆ ವಯಸ್ಸು ಕಮ್ಮಿ ಅಲ್ವಾ" ಎಂದಳು. ಸಮಾಧಾನ ಹೇಳಿದಳೋ, ಹೊಟ್ಟೆ ಉರಿಸಿದಳೋ ಇವತ್ತಿಗೂ ಗೊತ್ತಾಗಿಲ್ಲ.

ಮಾತ್ರೆ ಎರಡರಷ್ಟು ನುಂಗಿದರೆ ಬೇಗ ಆಗುತ್ತದೆಯೇ ಎಂದು ಡಾಕ್ಟರಮ್ಮನನ್ನು ಕೇಳಿಯೇ ಬಿಟ್ಟೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆಗಲ್ಲ. ಜಾಸ್ತಿ ತಗೊಂಡ್ರೆ ಜಾಸ್ತಿ ಬೆಳೆಯುತ್ತೆ ಅನ್ನೋದು ಸುಳ್ಳು. ರಕ್ತ ಹೆಪ್ಪುಗಟ್ಟಿ ಕಾಲು ಊದ್ಕೊಂಡು ಬರ್ತೀರ, ಆಗ ಇದ್ದಿದ್ದನ್ನೂ ನಿಲ್ಲಿಸ್ಬೇಕಾಗುತ್ತೆ" ಎಂದರು. ‘ನಿಲ್ಲಿಸಬೇಕಾಗುತ್ತೆ’ ಎಂಬುದನ್ನು ಕೇಳಿಯೇ ತಣ್ಣಗಾದೆ. ಮತ್ತೆಂದೂ ಕೇಳಲಿಲ್ಲ.

ಎಡಗಡೆಯ ಗಂಟು ಸಿಕ್ಕಿದ್ದು ಎರಡನೆಯ ವರ್ಷ ಅರ್ಧ ಕಳೆದ ಮೇಲೆ. ಇದು ತೊಟ್ಟಿನ ಕೆಳಗಿರಲಿಲ್ಲ. ಕಂಕುಳಿನ ಕಡೆಗೆ, ಒಂದು ಬದಿಗೆ. ಬಲಗಡೆ ಅಂಥದ್ದೇನೂ ಇಲ್ಲ. ನೋವೂ ಇಲ್ಲ. ಇಷ್ಟು ದಿನ ನೋವನ್ನು ಶಪಿಸಿದ್ದ ನಾನು, ಒತ್ತಿದರೂ ನೋಯುತ್ತಿಲ್ಲವಲ್ಲ ಎಂದು ಹೆದರಿದೆ. ಬೆಳವಣಿಗೆ ಇರಬಹುದು, ಒಂದು ಕಡೆ ಮುಂದು ಒಂದು ಕಡೆ ಹಿಂದು ಆಗುತ್ತದಂತೆ ಎಂದು ನನಗೆ ನಾನೇ ಹೇಳಿಕೊಂಡೆ. ಹೌದೇ ಎಂದು ಯಾರನ್ನು ಕೇಳುವುದು? ನಿನ್ನನ್ನೇ ಕೇಳಬೇಕಿತ್ತು.

ಆಗ ನಮ್ಮಿಬ್ಬರ ಮಾತು ಹೇಗಿತ್ತು ನೆನಪಿದೆಯಲ್ಲ. ನೀನು ಜಗಳವಾಡಿರಲಿಲ್ಲ, ದೂರ ಮಾಡಿರಲಿಲ್ಲ. ಆದರೆ ನಾನು ಎಲ್ಲವನ್ನೂ ಹೇಳಿದ ದಿನದಿಂದ ‘ಕಣೋ’ ಎನ್ನಲೂ ಆಗದೆ ‘ಕಣೇ’ ಎನ್ನಲೂ ಆಗದೆ, ವಾರ್ತೆ ಓದುವವರ ಹಾಗೆ ಮಾತನಾಡುತ್ತಿದ್ದೆ. "ಊಟ ಆಯಿತಾ. ಆರೋಗ್ಯವಾ. ಸರಿ." ಅಂಥ ನಿನಗೆ ಫೋನು ಮಾಡಿ, "ಅಕ್ಕ, ನಿಂಗೆ ಮೊದಲು ಬಂದಾಗ ಒಂದು ಕಡೆ ಗಂಟು ಗಂಟಾಗಿತ್ತಾ?" ಎಂದು ಕೇಳಿದೆ.

ನೀನು "ಯಾವ ಕಡೆ?" ಎಂದೆ.

"ಎಡಗಡೆ."

"ನೋವಿದ್ಯಾ?"

"ಇಲ್ಲ."

"ಅಮ್ಮಂಗೂ ಎಡಗಡೇನೇ ಇದ್ದಿದ್ದು" ಎಂದೆ ನೀನು.

ಲ್ಯಾಬಿನ ಹಿಂದಿನ ಮೆಟ್ಟಿಲ ಮೇಲೆ ನಿಂತಿದ್ದೆ. ಅಮ್ಮ ಶ್ವಾಸಕೋಶದಲ್ಲಿ ನೀರು ತುಂಬಿ ಹೋದಳು ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ಮನೆಯಲ್ಲಿ ಯಾರಿಗಾದರೂ ಸ್ತನದ ಕ್ಯಾನ್ಸರ್ ಇತ್ತೇ ಎಂದು ಡಾಕ್ಟರಮ್ಮ ಮೊದಲ ದಿನವೇ ಕೇಳಿದ್ದಾಗ, ಇಲ್ಲವೆಂದು ಎದೆ ತಟ್ಟಿ ಹೇಳಿದ್ದೆ. ನೀರು ತೆಗೆದ ಗಾಯ ಎಂದು ಹೇಳಿ, ಅಮ್ಮನಿಗೆ ಬ್ಯಾಂಡೇಜು ಬದಲಿಸುವಾಗ ನೀವಿಬ್ಬರೂ ಬಾಗಿಲು ಹಾಕಿಕೊಳ್ಳುತ್ತಿದ್ದಿರಿ. ನನ್ನನ್ನು ಹೊರಗೆ ಕಳಿಸುತ್ತಿದ್ದಿರಿ, ಗಂಡುಹುಡುಗ ಅಲ್ಲಿ ಯಾಕೆ ಎಂದು. ಒಳಗೆ ನೀನು ಹದಿನೇಳರವಳು ಏನನ್ನು ನೋಡುತ್ತಿದ್ದೆ ಎಂದು ನನಗೆ ತಿಳಿದದ್ದು ಆ ಮೆಟ್ಟಿಲ ಮೇಲೆ. ಒಂದು ಮಾತು ಹೇಳಲೇ? ಅಷ್ಟು ಭಯವಾಗಿದ್ದರೂ, ಮುಚ್ಚಿದ್ದ ಆ ಬಾಗಿಲು ತೆರೆದು ನೀನು ನನ್ನನ್ನು ಒಳಗೆ ಕರೆದುಕೊಂಡ ಹಾಗಾಯಿತು. ಈ ಮನೆಯ ಮಗಳಾಗಿ ನನ್ನ ಪಾಲಿಗೆ ಮೊದಲು ಬಂದದ್ದು ಆ ಭಯ.

ಮಾರನೆಯ ದಿನವೇ ನೀನು ಬಂದೆ. ಕೆಂಪು ಬಣ್ಣದಲ್ಲಿ ‘ಕಲಿಯುವವರು’ ಎಂದು ಬರೆದ ನಿನ್ನ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲೇ ಬಂದೆ. ಆಸ್ಪತ್ರೆಗೆ ಹೋಗುವಾಗ ನೀನು ಯಾವಾಗಲೂ ಕೂರುವ ಸೀಟಿನಲ್ಲಿ ನಾನು ಕೂತಿದ್ದೆ, ಕಲಿಸುವವರಿಗೆಂದು ಇನ್ನೊಂದು ಬ್ರೇಕು ಇರುವ ಸೀಟು. ಗಂಟು ಕೆಟ್ಟದ್ದಾಗಿದ್ದರೆ ಹಾರ್ಮೋನು ನಿಲ್ಲಿಸುತ್ತಾರೆ, ನಿಲ್ಲಿಸಿದರೆ ನಾನು ಮತ್ತೆ ಆ ಹಳೆಯ ಮೈಗೆ ಹೋಗಬೇಕು, ನಿಲ್ಲಿಸದಿದ್ದರೆ ಅಮ್ಮನ ದಾರಿ. ಇದೇ ತಲೆಯಲ್ಲಿ ಗಿರಕಿ ಹೊಡೆಯುತ್ತಿತ್ತು. ಎದುರಿಗೆ ಲಾರಿ ಕಂಡಾಗಲೆಲ್ಲ ಗೊತ್ತಿಲ್ಲದೆಯೇ ಕಾಲು ಒತ್ತುತ್ತಿದ್ದೆ. ಕಾರು ಮುಗ್ಗರಿಸಿ ಹಿಂದಿನವರೆಲ್ಲ ಹಾರ್ನು ಬಾರಿಸಿದಾಗ ನೀನು ರೇಗಿದೆ: "ಕಾಲ್ ತೆಗಿಯೇ ಆ ಬ್ರೇಕ್ ಮೇಲಿಂದ. ಇಬ್ಬರನ್ನೂ ಸಾಯಿಸ್ತೀಯ."

‘ತೆಗಿಯೇ’ ಎಂದೆ. ನೀನು ಗಮನಿಸಿದೆಯೋ ಇಲ್ಲವೋ. ನಾನು ಕಿಟಕಿಯಾಚೆ ಮುಖ ತಿರುಗಿಸಿಕೊಂಡೆ.

ಸ್ಕ್ಯಾನಿಂಗ್ ಕೋಣೆಯಲ್ಲಿ ತಣ್ಣನೆಯ ಜೆಲ್ ಹಚ್ಚಿ, ಗಂಟಿನ ಮೇಲೆ ಆ ಉಪಕರಣವನ್ನು ಹಿಂದೆ ಮುಂದೆ ಆಡಿಸುತ್ತಿದ್ದಾಗ ನೀನು ಪರದೆ ನೋಡಲಿಲ್ಲ. ನನ್ನ ಪಾದ ಹಿಡಿದುಕೊಂಡಿದ್ದೆ. ನಿನ್ನ ಹೆಬ್ಬೆರಳಿನ ಗುರುತು ಬಹಳ ಹೊತ್ತು ಉಳಿದಿತ್ತು. ಆಮೇಲೆ ಡಾಕ್ಟರಮ್ಮ ರಿಪೋರ್ಟು ನೋಡಿ ಹೇಳಿದ್ದು ನಿನಗೂ ಗೊತ್ತು. "ಇದು ಬೆಳೀತಿರೋ ಗ್ರಂಥಿ. ಒಂದು ಕಡೆ ಸ್ವಲ್ಪ ಗುಡ್ಡೆಯಾಗಿದೆ ಅಷ್ಟೆ. ಕೆಟ್ಟದ್ದೇನೂ ಕಾಣ್ತಿಲ್ಲ. ತಾಯಿಗೆ ಇತ್ತು ಅಂತೀರಲ್ಲ, ಅದಕ್ಕೆ ಆರು ತಿಂಗಳು ಬಿಟ್ಟು ಮತ್ತೆ ನೋಡ್ತೀನಿ, ಒಂದು ರಕ್ತ ಪರೀಕ್ಷೇನೂ ಮಾಡಿಸೋಣ. ಮಾತ್ರೆ ಸದ್ಯಕ್ಕೆ ಹಾಗೇ ಮುಂದುವರೀಲಿ." ನಾನು ಅಷ್ಟಕ್ಕೇ ಸುಮ್ಮನಿರದೆ, "ಇನ್ನೂ ಬೆಳೆಯುತ್ತಾ ಡಾಕ್ಟ್ರೇ?" ಎಂದು ಕೇಳಿದೆ. ಅವರು ನಕ್ಕರು. "ಬೆಳೀಬಹುದು, ಇಷ್ಟಕ್ಕೇ ನಿಲ್ಲಲೂಬಹುದು. ನಿಂತ್ರೆ ಇದೇ ನಿಮ್ಮದು ಅಂದ್ಕೊಳ್ಳಕ್ಕೆ ತಯಾರಿರಿ" ಎಂದರು. ಆ ಮಾತು ನನಗೆ ಕಹಿಯಾಯಿತು, ಸುಳ್ಳೇಕೆ ಹೇಳಲಿ. ಈಗಲೂ ಕನ್ನಡಿಯ ಮುಂದೆ ಪಕ್ಕಕ್ಕೆ ತಿರುಗುತ್ತೇನೆ. ಆದರೆ ಮೊದಲಿನ ಹಾಗೆ ಲೆಕ್ಕ ಕೇಳುವುದಿಲ್ಲ. ಊರಿಂದ ಬಂದವಳನ್ನು ಕೇಳುವ ಹಾಗೆ ಎದೆಯನ್ನು ಕ್ಷೇಮವೇ ಎಂದು ವಿಚಾರಿಸಿಕೊಳ್ಳುತ್ತೇನೆ.

ಅವರು ಆಮೇಲೆ ನಿನ್ನ ಕಡೆ ತಿರುಗಿದರು. "ನೀವು ಯಾವಾಗ ಮಾಡಿಸಿದ್ದು? ಇವರಿಗಿಂತ ಮುಂಚೆ ನೀವು ಮಾಡಿಸ್ಬೇಕಿತ್ತು. ಈಗಲೇ ಬರೆದು ಕೊಡ್ಲಾ?"

ನೀನು ಕಾರಿನ ಕೀಲಿ ಎತ್ತಿಕೊಂಡೆ. "ನೋಡೋಣ" ಎಂದೆ.

ಅಕ್ಕಾ, ನಮ್ಮ ಮನೆಯಲ್ಲಿ ‘ನೋಡೋಣ’ ಎಂದರೆ ಏನು ಎಂದು ನಮಗಿಬ್ಬರಿಗೂ ಗೊತ್ತು. ಹೊಸ ಬೂಟಿಗೆ ನೋಡೋಣ, ಪ್ರವಾಸಕ್ಕೆ ನೋಡೋಣ. ಅಮ್ಮ ತನ್ನ ಗಂಟಿಗೂ ಹಾಗೆಯೇ ಅಂದಳು ಎಂದು ನೀನೇ ದಾರಿಯಲ್ಲಿ ಹೇಳಿದೆ. ನಿನ್ನ ಪರೀಕ್ಷೆ ಮುಗಿಯಲಿ ನೋಡೋಣ, ಮನೆಗೆ ಸುಣ್ಣ ಬಳಿಸಿ ಆಗಲಿ ನೋಡೋಣ. ನೋಡುವಷ್ಟರಲ್ಲಿ ಅದು ಶ್ವಾಸಕೋಶಕ್ಕೆ ಇಳಿದಿತ್ತು. ಇದನ್ನು ಹೇಳಿದವಳೇ ಆ ಮಾತನ್ನು ಆಡಿದೆಯಲ್ಲ. ನೀನು ಇದ್ದಷ್ಟು ದಿನ ನಾನು ಮತ್ತೆ ಮತ್ತೆ ಕೇಳಿದೆ. ನೀನು ಪಾತ್ರೆ ತೊಳೆದೆ. ನನ್ನ ಅಡುಗೆಮನೆಯ ಪಾತ್ರೆಗಳು ಅಷ್ಟು ಹೊಳೆದದ್ದು ಇದೇ ಮೊದಲು.

ನನ್ನ ಗಂಟಿಗಾಗಿ ಓಡಿ ಬಂದವಳು ನಿನ್ನ ಎದೆಯನ್ನು ಯಾಕೆ ಮುಟ್ಟಿಯೂ ನೋಡುವುದಿಲ್ಲ? ನಡುರಸ್ತೆಯಲ್ಲಿ ಹೊಸಬರ ಕೈಗೆ ಸ್ಟೀರಿಂಗ್ ಕೊಟ್ಟು ಆಕಳಿಸಿಕೊಂಡು ಕೂರುವವಳು ನೀನು. ನಿನಗೆ ಹೆದರಿಕೆ ಎಂದರೆ ಭಾವ ನಂಬಲಿಕ್ಕಿಲ್ಲ. ನಾನು ನಂಬುತ್ತೇನೆ. ಆ ಮುಚ್ಚಿದ ಬಾಗಿಲಿನ ಒಳಗಿದ್ದವಳು ನೀನು. ಹೊರಗಿದ್ದ ನನಗೆ ಇಂದು ಇಷ್ಟು ಭಯವಾದರೆ, ನಿನಗೆ ಎಷ್ಟಿರಬೇಡ. ಎರಡು ಬನಿಯನ್ನು ಹಾಕಿಕೊಂಡು ಮೈಯನ್ನು ಮರೆಸಿದವಳು, ಅಮ್ಮನದನ್ನು ಕಂಡ ಮೇಲೆ ಅದರ ಕಡೆ ನೋಡುವುದನ್ನೇ ಬಿಟ್ಟೆ ಎನಿಸುತ್ತದೆ. ನಾನು ಊಹಿಸಿದ್ದು ತಪ್ಪಿದ್ದರೆ ಬೈಯಿ.

ನಿನ್ನ ಮಗಳಿಗೆ ಈಗ ಹನ್ನೊಂದು. ಇನ್ನು ಸ್ವಲ್ಪ ದಿನಕ್ಕೆ ಅವಳೂ ಬಾಗಿಲಿಗೆ ತಗಲಿಸಿಕೊಂಡು ಚೀರುತ್ತಾಳೆ. ಆಗ ಅವಳಿಗೆ, ಈ ನೋವು ಬೆಳೆಯುವ ನೋವು, ಹೆದರಬೇಡ ಎನ್ನುವವರು ಬೇಕು. ಇಂಥ ಗಂಟು ಕಂಡರೆ ಮಾತ್ರ ಮುಚ್ಚಿಡಬೇಡ, ಬಂದು ತೋರಿಸು ಎನ್ನುವವರೂ ಬೇಕು. ನಮ್ಮಿಬ್ಬರಿಗೂ ಯಾರೂ ಹೇಳಲಿಲ್ಲ. ನೀನು ಒಳಗೆ ಒಬ್ಬಳೇ ತಿಳಿದುಕೊಂಡೆ, ನಾನು ಹೊರಗೆ ಒಬ್ಬಳೇ ಊಹಿಸಿದೆ. ಅವಳಿಗೆ ನಾವಿಬ್ಬರೂ ಇದ್ದೇವೆ. ಆದರೆ ನೀನು ‘ನೋಡೋಣ’ ಎನ್ನುತ್ತಾ ಅವಳಿಗೆ ‘ತೋರಿಸು’ ಎಂದರೆ, ಅವಳು ನಿನ್ನ ಮಗಳಲ್ಲವೇ, ಕೇಳುತ್ತಾಳೆಯೇ?

ಬರುವ ವಾರದ ಕೊನೆಗೆ ಡಾಕ್ಟರಮ್ಮನ ಹತ್ತಿರ ನಿನ್ನ ಹೆಸರು ಬರೆಸಿದ್ದೇನೆ. ಕೇಳದೆ ಮಾಡಿದೆ, ಕೋಪ ಬರುತ್ತದೆ, ಬರಲಿ. ಲ್ಯಾಬಿಗೆ ರಜೆ ಹೇಳಿದ್ದೇನೆ. ಪರದೆಯಲ್ಲಿ ಏನು ಕಾಣುತ್ತದೋ ನನಗೆ ಗೊತ್ತಿಲ್ಲ, ಏನೂ ಆಗುವುದಿಲ್ಲ ಎಂದು ಮಾತು ಕೊಡಲಾರೆ. ಆದರೆ ನೀನು ಒಳಗಿರುವಾಗ ಬಾಗಿಲು ಹಾಕಲು ಬಿಡುವುದಿಲ್ಲ. ಅಷ್ಟನ್ನು ಮಾತ್ರ ಖಂಡಿತವಾಗಿ ಹೇಳಬಲ್ಲೆ.

ಚಿಕ್ಕವಳು ನಾನು, ನಿನ್ನನ್ನು ಹರಸುವ ಹಾಗಿಲ್ಲ. ಆದರೂ ಹರಸುತ್ತಿದ್ದೇನೆ: ಅಮ್ಮನಿಗೆ ಸಿಗದ ಮುಪ್ಪು ನಿನಗೆ ಸಿಗಲಿ, ಅದರಲ್ಲೂ ನೀನು ನನ್ನ ಮೇಲೆ ರೇಗುತ್ತಲೇ ಇರುವಂತಾಗಲಿ.

ನಿನ್ನ ದಾರಿ ಕಾಯುತ್ತಿರುವ,
ತಂಗಿ