ಡಬ್ಬಿಯ ಮೇಲಿನ ತಲೆ

ಅಮ್ಮಾ,

ಕಿವಿ ತೋರಿಸಲು ಟರಾವಾ ದ್ವೀಪಕ್ಕೆ ಬಂದು ಒಂಬತ್ತು ದಿನವಾಯಿತು. ದೊಡ್ಡಪ್ಪನ ಮನೆಯಲ್ಲಿ ಈಗ ನನ್ನನ್ನೂ ಸೇರಿಸಿ ಇಪ್ಪತ್ತೊಂದು ಜನ, ಅಂಗಳದಲ್ಲೂ ಚಾಪೆ ಹಾಸುತ್ತಾರೆ. ದಿನಾ ಒಂದಾದರೂ ಹಸಿಮೀನು ತರುತ್ತಿದ್ದ ಬೌರೊ ಅಣ್ಣ ನಿನ್ನೆ ಮಧ್ಯಾಹ್ನ ಬರಿಗೈಯಲ್ಲಿ ಬಂದ. "ನೀರು ಬಿಸಿಯಾಗಿ ಹವಳದ ಬಂಡೆಯೆಲ್ಲ ಸುಣ್ಣ ಬಳಿದ ಹಾಗಿದೆ. ಒಂದು ಮೀನಿಗೆ ಹತ್ತು ದೋಣಿ ಕಾಯ್ತಿವೆ," ಅಂದ. ಅತ್ತಿಗೆ ಅಂಗಡಿಯಿಂದ ಡಬ್ಬಿ ಮೀನು ತಂದು ಅನ್ನದ ಮೇಲೆ ಸುರಿದಳು.

ಯಾರೂ ತಟ್ಟೆಗೆ ಕೈ ಹಾಕಲಿಲ್ಲ. ನಮ್ಮ ದ್ವೀಪದ ಹಾಗೆ ಇಲ್ಲೂ ಹಿರಿಯರು ಮೀನಿನ ತಲೆ ಮುರಿದ ಮೇಲೇ ಉಳಿದವರ ಊಟ. ಡಬ್ಬಿಯ ಮೀನಿಗೆ ತಲೆಯೇ ಇರಲಿಲ್ಲ. ದೊಡ್ಡಪ್ಪ ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಶುರು ಮಾಡಿ ಮಾವ, ಮಕ್ಕಳು ಹಸಿದಿದಾವೆ," ಅಂದಳು ಅತ್ತಿಗೆ.

"ಎಲ್ಲಿಂದ ಶುರು ಮಾಡ್ಲಿ, ನೀನೇ ಹೇಳು," ಎಂದರು. ಕೋಪದಿಂದಲ್ಲ, ನಿಜವಾಗಿಯೂ ಕೇಳಿದರು.

ಅತ್ತಿಗೆ ಖಾಲಿ ಡಬ್ಬಿಯನ್ನು ಒರೆಸಿ ಅವರ ಮುಂದಿಟ್ಟಳು. ಅದರ ಮೇಲೆ ಇಡೀ ಮೀನಿನ ಚಿತ್ರವಿತ್ತು. ದೊಡ್ಡಪ್ಪ ಚಿತ್ರದ ತಲೆಯನ್ನು ಬೆರಳಿನಿಂದ ಮುಟ್ಟಿದರು. ಆಮೇಲೆ ಎಲ್ಲರೂ ಉಂಡೆವು. ನಗಬೇಕಿತ್ತೋ ಬೇಡವೋ, ನನಗೆ ಇನ್ನೂ ಗೊತ್ತಾಗಿಲ್ಲ.

ಕಿವಿನೋವು ಇಳಿದಿದೆ, ಆಸ್ಪತ್ರೆಯ ಔಷಧಿ ಇನ್ನೊಂದು ವಾರ ಹಾಕಬೇಕಂತೆ. ಈ ಅಂಚೆ ಕಾರ್ಡಿನಲ್ಲಿ ಜಾಗ ಮುಗಿಯಿತು. ಮುಂದಿನ ಹಡಗಿಗೆ ಒಣಮೀನು ಕಳಿಸುವಾಗ ತಲೆ ಕತ್ತರಿಸಬೇಡ. ದೊಡ್ಡಪ್ಪನಿಗೆ ಮುರಿಯಲು ಒಂದೇ ಒಂದಾದರೂ ಸಾಕು. ನಾವೆಲ್ಲ ಡಬ್ಬಿಯದೇ ತಿನ್ನುತ್ತೇವೆ.

ನಿನ್ನ ಟೆಬೋರಾ