ವೀರುವಿನ ದಿಂಬಿನ ಪಕ್ಕದ ಕಪ್

ಭಾನುವಾರ, ಡಿಸೆಂಬರ್ 14

ಕಪ್ ಆಸ್ಪತ್ರೆಯಲ್ಲೇ ಬಿಟ್ಟು ಬಂದೆ.

ಅಡರಕಟ್ಟಿ ಕಬಡ್ಡಿ ಫೈನಲ್‌ನಲ್ಲಿ ರೈಡ್‌ಗೆ ಬಂದ ಎದುರು ತಂಡದ ವೀರುವಿನ ಸೊಂಟ ಹಿಡಿದು ಕೆಡವಿದೆ. ಕುತ್ತಿಗೆ ಮೇಲೆ ಬಿದ್ದವನು ಏಳಲಿಲ್ಲ. ಅವನನ್ನು ಗಾಡಿಗೆ ಹಾಕುತ್ತಿದ್ದಾಗಲೇ ಮೈಕಿನಲ್ಲಿ ನನ್ನ ಹೆಸರು ಕೂಗಿದರು: ಬೆಸ್ಟ್ ಕ್ಯಾಚರ್, ಮೊಹಸಿನ.

ಕಪ್ ಹಿಡಿದುಕೊಂಡೇ ಗದಗಿನ ಆಸ್ಪತ್ರೆಗೆ ಓಡಿದೆ. ವೀರುವಿನ ತಾಯಿ ಶೇಖವ್ವನಿಗೆ ನನ್ನ ಗುರುತಿಲ್ಲ.

"ನಮ್ಮ ವೀರೂಗ ಕೊಟ್ಟಾರೇನಪಾ ಇದನ್ನ?"

"ಹೌದ್ರಿ ಯವ್ವಾ."

ಕಪ್ ಅವಳ ಕೈಗಿಟ್ಟೆ. ಅವಳು ಸೆರಗಿನಿಂದ ಒರೆಸಿ, ಮಗನ ದಿಂಬಿನ ಪಕ್ಕ ಇಟ್ಟಳು.

ಬೆಸ್ಟ್ ಕ್ಯಾಚರ್ ಎಂದು ದಪ್ಪ ಅಕ್ಷರದಲ್ಲಿ ಬರೆದಿದೆ. ಅವಳಿಗೆ ಓದಲು ಬರುವುದಿಲ್ಲ. ವೀರುವಿಗೆ ಬರುತ್ತದೆ. ಅವನಿಗಿನ್ನೂ ಎಚ್ಚರವಾಗಿಲ್ಲ.

ಈಗ ದುವಾ ಕೇಳಲು ಕೈ ಎತ್ತಿ ಕುಳಿತೆ. ಅವನು ಕಣ್ಣು ತೆರೆಯಲಿ ಎಂಬ ಮಾತು ಬಾಯಿಂದ ಹೊರಡಲಿಲ್ಲ.