ರೇಸಿನ ದಿನ ದಾಟದ ರಸ್ತೆ

ಹಿಲ್ಲೆ,

ನೀನು ಹೋಗಿ ಮೂರು ದಿನವಾಯಿತು; ಈ ಪತ್ರವನ್ನು ಯಾವ ವಿಳಾಸಕ್ಕೂ ಹಾಕಲಾರೆ. ಭಾನುವಾರ ಮಧ್ಯಾಹ್ನ ನಿನ್ನ ಮಗ ಮೆನ್ನೊ ಫೋನ್ ಮಾಡಿ, "ಅಮ್ಮಂಗೆ ಜಾಸ್ತಿ ಹೊತ್ತಿಲ್ಲ ಆಂಟಿ, ನಿಮ್ಮನ್ನೇ ಕೇಳ್ತಿದಾಳೆ" ಎಂದ. ಒಂಬತ್ತು ವರ್ಷದಿಂದ ನಿನ್ನೊಡನೆ ಮಾತು ಬಿಟ್ಟಿದ್ದ ನಾನು ಓಡಿ ಬಂದೆ. ವರ್ಷದ ಸೈಕಲ್ ರೇಸು ಆಗಲೇ ಶುರುವಾಗಿತ್ತು. ಸವಾರರು ಸುತ್ತು ಹೊಡೆಯುವ ನಮ್ಮ ಬೀದಿಯುದ್ದಕ್ಕೂ ಕಬ್ಬಿಣದ ತಡೆ, ರಸ್ತೆಯಾಚೆ ನಿನ್ನ ಮನೆ.

ತಡೆ ಕಾಯುತ್ತಿದ್ದ ಬೇಕರಿಯ ಸೀಬ್ರೆನ್, "ಒಂದ್ನಿಮಿಷ ತಡೀರಿ ಅಕ್ಕ, ಗುಂಪು ಹೋಗ್ಲಿ" ಎಂದ. ವೃತ್ತಿಪರ ಸವಾರರು ಗಾಳಿಯಂತೆ ಹಾದುಹೋದರು. ಅವನು ತಡೆ ಸರಿಸಿ, "ಹ್ಞೂಂ, ದಾಟಿ! ಮುಂದಿನ ಸುತ್ತಿಗೆ ಮೂರು ನಿಮಿಷ ಇದೆ" ಎಂದ. ನಿನ್ನೆದುರು ಮೊದಲು ಏನು ಹೇಳಲಿ ಎಂದು ಯೋಚಿಸುತ್ತಾ ನಿಂತೆ. ಸವಾರರು ಮತ್ತೆ ಬಂದರು. ಅವನು ಆರು ಸಲ ತಡೆ ತೆಗೆದ. ಕೊನೆಗೆ, "ರೇಸ್ ನೋಡೋಕೇ ಬಂದಿದೀರ, ಬಿಡಿ" ಎಂದು ನಕ್ಕ.

ರೇಸು ಮುಗಿದ ಮೇಲೆ ನಿನ್ನ ಮನೆಗೆ ಬಂದೆ. "ಆಗ್ಲೇ ಹೋದ್ಲು ಆಂಟಿ" ಎಂದ ಮೆನ್ನೊ, ಬಾಗಿಲಲ್ಲೇ.

"ರಸ್ತೆ ಮುಚ್ಚಿತ್ತು ಕಣಪ್ಪ."

"ಗೊತ್ತು. ನೀವೇನ್ಮಾಡೋಕಾಗುತ್ತೆ" ಎಂದು ಅವನೇ ನನ್ನನ್ನು ಸಮಾಧಾನ ಮಾಡಿದ.

ಊರೆಲ್ಲ ಅದನ್ನೇ ನಂಬಿದೆ. ನೀನಾಗಿದ್ದರೆ ನಂಬುತ್ತಿರಲಿಲ್ಲ.

ಯಿಕ್ಯೆ